ತವರಿನಲ್ಲಿ ಆರು ವಾರ: ಈ ವರ್ಷವೂ ಹೋಗಲಾ?

ಡೊಂಬಿವಲಿ ಅಮ್ಮ · ಫೆಬ್ರವರಿ 24

ಮುಂದಿನ ವಾರ ರೈಲಿನ ಬುಕಿಂಗ್ ತೆರೆಯುತ್ತದೆ. ಮೇ 2ಕ್ಕೆ ಹೊರಡಬೇಕು ಅಂದರೆ 60 ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂರಬೇಕು. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಮ್ಮಿ ಮಾಡಿದರು. ಮೇ ತಿಂಗಳ ಮತ್ಸ್ಯಗಂಧ ರೈಲು ಅಂದರೆ ಮುಂಬೈಯಲ್ಲಿರುವ ನಮ್ಮ ಕಡೆಯವರಿಗೆಲ್ಲ ಗೊತ್ತು. ಸ್ವಲ್ಪ ತಡವಾದರೂ ವೇಟಿಂಗ್ ಲಿಸ್ಟ್. ಪ್ರತಿ ವರ್ಷ ಎಲ್ಲರಿಗಿಂತ ಮೊದಲು ನಾನೇ ತಯಾರಾಗಿರುತ್ತೇನೆ. ಈ ವರ್ಷ ಮಾತ್ರ ಮನಸ್ಸು ಹಿಂದೇಟು ಹಾಕುತ್ತಿದೆ.

ನನ್ನ ತವರು ಕುಂದಾಪುರದ ಹತ್ತಿರ, ಹೆಮ್ಮಾಡಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು. ನನ್ನ ಮಗಳಿಗೆ ಹನ್ನೊಂದು, ಮಗನಿಗೆ ಏಳು. ಶಾಲೆಗೆ ರಜೆ ಬಿದ್ದ ಕೂಡಲೇ ಹೊರಟರೆ ವಾಪಸ್ ಬರುವುದು ಜೂನ್ ಎರಡನೇ ವಾರಕ್ಕೆ. ನಡುವೆ ಒಂದು ವಾರ ಬ್ರಹ್ಮಾವರದಲ್ಲಿ ಗಂಡನ ಮನೆ. ಉಳಿದದ್ದೆಲ್ಲ ತವರಿನಲ್ಲೇ. ನನ್ನ ದೊಡ್ಡಕ್ಕ, ಚಿಕ್ಕಮ್ಮನ ಮಕ್ಕಳು ಕೂಡ ಅದೇ ಹೊತ್ತಿಗೆ ಬರುತ್ತಾರೆ. ಮನೆ ಅಂದರೆ ಜಾತ್ರೆ.

ಮಕ್ಕಳು ಮರಾಠಿ, ಇಂಗ್ಲಿಷ್‌ನಲ್ಲಿ ಬೆಳೆಯುತ್ತಿದ್ದಾರೆ. ಕುಂದಾಪುರದ ಮಾತು ಅವರ ಬಾಯಿಗೆ ಬರುವುದು ಆ ಆರು ವಾರದಲ್ಲೇ. ಮಗಳು ಅಕ್ಷರ ಕೂಡಿಸಿ ಕನ್ನಡ ಓದಲು ಕಲಿತದ್ದು ನನ್ನಿಂದಲ್ಲ. ಅಜ್ಜಿ ಪಕ್ಕ ಕೂತು, ಬಸ್ಸಿನ ಬೋರ್ಡು, ದಿನಪತ್ರಿಕೆ, ಅಕ್ಕಿ ಚೀಲದ ಮೇಲಿನ ಹೆಸರು ಓದಿ ಓದಿ ಕಲಿತಳು. ಹಾಗಾಗಿ ಹೋಗದೇ ಇರುವ ಮಾತು ಸುಲಭ ಅಲ್ಲ.

ಆದರೆ ಕಳೆದ ವರ್ಷ ಒಂದು ದಿನ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ನೀರು ಕುಡಿಯೋಣ ಅಂತ ಅಡುಗೆಮನೆಗೆ ಹೋದೆ. ಅತ್ತಿಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಬಟ್ಟಲು. ಕುಚ್ಚಲಕ್ಕಿ ಅನ್ನ, ಪಾತ್ರೆಯ ತಳದಲ್ಲಿ ಉಳಿದ ಬಂಗುಡೆ ಸಾರು. ಮೀನು ಇರಲಿಲ್ಲ. ಬೆಳಿಗ್ಗೆ ಗಂಗೊಳ್ಳಿಯಿಂದ ಅಣ್ಣ ಹದಿನಾಲ್ಕು ಬಂಗುಡೆ ತಂದಿದ್ದ. ಊಟಕ್ಕೆ ಹನ್ನೊಂದು ಜನ ಇದ್ದೆವು. ನನ್ನ ಇಬ್ಬರೂ ಮಕ್ಕಳು ಎರಡೆರಡು ತಿಂದಿದ್ದರು. ಅತ್ತಿಗೆ ಎಡಗೈಯಲ್ಲಿ ಪಾದ ಒತ್ತಿಕೊಳ್ಳುತ್ತಾ ಊಟ ಮಾಡುತ್ತಿದ್ದರು. ಪಾದ ಊದಿತ್ತು. ನನ್ನನ್ನು ನೋಡಿದ್ದೇ ಬಟ್ಟಲು ಪಕ್ಕಕ್ಕಿಟ್ಟು ಎದ್ದರು. "ಎಂತ, ಚಾ ಬೇಕಾ?" ಅಂದರು.

ಅವರು ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಹೊರಡುವ ದಿನ ನೂರೈವತ್ತು ಹಲಸಿನ ಹಪ್ಪಳ ಕಟ್ಟಿಕೊಟ್ಟರು. ಡೊಂಬಿವಲಿಯಲ್ಲಿ ಆ ಹಪ್ಪಳ ಕಾಯಿಸುವಾಗೆಲ್ಲ ನನಗೆ ಆ ಮೆಟ್ಟಿಲೇ ಕಣ್ಣ ಮುಂದೆ ಬರುತ್ತದೆ.

ಎರಡು ವಾರಕ್ಕೆ ಇಳಿಸಲಾ? ಅಥವಾ ಆರು ವಾರ ಇದ್ದೂ ಅವರಿಗೆ ಭಾರ ಆಗದ ಹಾಗೆ ಇರೋಕೆ ಆಗುತ್ತಾ? ನಿಮ್ಮ ಮನೆಗಳಲ್ಲಿ ಹೇಗೆ, ದಯವಿಟ್ಟು ಹೇಳಿ.

ಬೈಂದೂರಿನವ · ಫೆಬ್ರವರಿ 24

ಅಕ್ಕಾ, ಸುಮ್ನೆ ಟಿಕೆಟ್ ತೆಗೆಯಿರಿ. ತವರಿಗೆ ಹೋಗೋಕೆ ಲೆಕ್ಕ ಯಾಕೆ? 1998ರಲ್ಲಿ ಕೊಂಕಣ ರೈಲು ಶುರುವಾಗುವ ಮುಂಚೆ ನಮ್ಮ ಅತ್ತೆಯವರೆಲ್ಲ ಮುಂಬೈಯಿಂದ ಬಸ್ಸಲ್ಲಿ ಒಂದು ದಿನ ಪೂರ್ತಿ ಕೂತು, ವಾಂತಿ ಮಾಡಿಕೊಂಡು ಬರುತ್ತಿದ್ದರು. ಬಂದವರು ಎರಡು ತಿಂಗಳು ಇರುತ್ತಿದ್ದರು. ಯಾರೂ ದಿನ ಎಣಿಸಲಿಲ್ಲ. ಈಗ ಮಧ್ಯಾಹ್ನ ಹತ್ತಿದರೆ ಬೆಳಗಿನ ಜಾವ ಕುಂದಾಪುರ. ಹಾದಿ ಸಲೀಸಾಯಿತು, ಮನಸ್ಸು ಯಾಕೆ ದೂರ ಆಗಬೇಕು? ನೀವು ಎರಡು ವಾರಕ್ಕೆ ಇಳಿಸಿದರೆ ಅಮ್ಮನಿಗೆ ಬೇಜಾರಾಗುತ್ತದೆ, ಅಣ್ಣನಿಗೆ ಅನುಮಾನ ಬರುತ್ತದೆ. ಏನೋ ಆಯಿತು ಅಂದುಕೊಳ್ಳುತ್ತಾರೆ.

ಸಿದ್ದಾಪುರದ ಸೊಸೆ · ಫೆಬ್ರವರಿ 25

ಬೈಂದೂರಿನವರೇ, ಯಾರೂ ದಿನ ಎಣಿಸಲಿಲ್ಲ ಅಂದಿರಲ್ಲ. ಅಡುಗೆಮನೆಯಲ್ಲಿದ್ದವರನ್ನು ಕೇಳಿದ್ದೀರಾ? ಜಗಳಕ್ಕೆ ಕೇಳುತ್ತಿಲ್ಲ. ನಾನು ಆ ಕಡೆಯವಳು. ಇಪ್ಪತ್ತು ವರ್ಷದಿಂದ ಅತ್ತಿಗೆ.

ನಮ್ಮದು ಅಡಿಕೆ ತೋಟದ ಮನೆ. ಏಪ್ರಿಲ್ 11ಕ್ಕೆ ಶಾಲೆಗೆ ರಜೆ ಶುರುವಾದರೆ ಅದೇ ವಾರ ಬೆಂಗಳೂರಿನಿಂದ ಮೂವರು ನಾದಿನಿಯರು, ಐದು ಮಕ್ಕಳು. ಮೇ 28ರವರೆಗೆ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಅವರೆಲ್ಲ ಒಳ್ಳೆಯವರು, ನನಗೆ ಅವರ ಮೇಲೆ ಪ್ರೀತಿ ಇದೆ. ಮಕ್ಕಳು "ಅತ್ತೆ ಅತ್ತೆ" ಅಂತ ಸೆರಗು ಹಿಡಿದು ತಿರುಗುವಾಗ ಬೇರೆ ಸುಖ ಬೇಡ ಅನಿಸುತ್ತದೆ. ಅದು ಸುಳ್ಳಲ್ಲ.

ಆದರೆ ಊರಿಗೆ ಬರುವವರಿಗೆ ಒಂದು ವಿಷಯ ಗೊತ್ತಾಗುವುದಿಲ್ಲ. ನಿಮಗೆ ರಜೆ ಇರುವ ಆ ಎರಡು ತಿಂಗಳೇ ನಮಗೆ ವರ್ಷದಲ್ಲಿ ಅತಿ ಜಾಸ್ತಿ ಕೆಲಸದ ತಿಂಗಳು. ಮಳೆ ಹಿಡಿದರೆ ನಾಲ್ಕು ತಿಂಗಳು ಬಿಸಿಲು ಕಾಣುವುದಿಲ್ಲ. ಅಷ್ಟರೊಳಗೆ ಕಟ್ಟಿಗೆ ಒಳಗೆ ಸೇರಬೇಕು. ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಕೂಡಿಡಬೇಕು. ಮೆಣಸು, ಕೊತ್ತಂಬರಿ ಒಣಗಿಸಿ ಪುಡಿ ಮಾಡಬೇಕು. ಮಿಡಿ ಉಪ್ಪಿಗೆ ಹಾಕಬೇಕು. ಹಪ್ಪಳ, ಸಂಡಿಗೆ ಎಲ್ಲ ಇದೇ ಬಿಸಿಲಿಗೆ. ಬಾವಿಯ ನೀರೂ ಆಗಲೇ ತಳ ಹಿಡಿದಿರುತ್ತದೆ. ಅದರ ಮೇಲೆ ಹನ್ನೆರಡು ಜನರಿಗೆ ದೋಸೆ. ಒಬ್ಬರಿಗೆ ಮೂರು ಅಂದರೂ ಮೂವತ್ತಾರು. ಒಂದು ಕಾವಲಿ. ಕೊನೆಯ ದೋಸೆ ಎತ್ತುವ ಹೊತ್ತಿಗೆ ಮೊದಲು ತಿಂದವರು "ಅತ್ತಿಗೆ, ಮಧ್ಯಾಹ್ನಕ್ಕೆ ಏನು?" ಅಂತ ಬರುತ್ತಾರೆ.

ನಾದಿನಿಯರು ಸಹಾಯ ಮಾಡುವುದಿಲ್ಲ ಅಂತಲ್ಲ. ತರಕಾರಿ ಹೆಚ್ಚಿಕೊಡುತ್ತಾರೆ, ಪಾತ್ರೆ ತೊಳೆಯುತ್ತಾರೆ. ಆದರೆ ಏನು ಮಾಡಬೇಕು, ಎಷ್ಟು ಅಕ್ಕಿ ಹಾಕಬೇಕು, ಗ್ಯಾಸ್ ಎಷ್ಟು ದಿನ ಬರುತ್ತೆ, ಹಾಲು ಸಾಲುತ್ತಾ, ಅದೆಲ್ಲ ನನ್ನ ತಲೆಯಲ್ಲೇ ಇರುತ್ತದೆ. ನನಗೆ ಸುಸ್ತಾಗುವುದು ಕೈಕಾಲಿಗಿಂತ ಇದಕ್ಕೇ. "ನಾನೇನು ಮಾಡಲಿ ಅತ್ತಿಗೆ?" ಅಂತ ಕೇಳುವವರಿಗಿಂತ "ರಾತ್ರಿ ಊಟ ಇವತ್ತಿಂದ ನಂದು, ನೀವು ಆ ಕಡೆ ಬರಬೇಡಿ" ಅನ್ನುವವರು ದೊಡ್ಡ ಉಪಕಾರ ಮಾಡುತ್ತಾರೆ.

ಇನ್ನೊಂದು ಮಾತು. ನನ್ನ ತವರು ಶಿರಸಿ ದಾಟಿ ಯಲ್ಲಾಪುರದ ಕಡೆ. ಬಸ್ಸಲ್ಲಿ ಮೂರು ಗಂಟೆ. ನನ್ನ ತಂಗಿ ಪುಣೆಯಿಂದ ಮೇ ತಿಂಗಳಲ್ಲೇ ಬರುತ್ತಾಳೆ. ಆರು ವರ್ಷದಿಂದ ನಾನು ಮೇ ತಿಂಗಳಲ್ಲಿ ಅಲ್ಲಿ ಒಂದು ರಾತ್ರಿ ಮಲಗಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದದ್ದೇ ಬಂತು. ಇಲ್ಲಿ ಮನೆ ತುಂಬ ಜನ ಇರುವಾಗ ಹೇಗೆ ಹೋಗಲಿ?

ಡೊಂಬಿವಲಿ ಅಮ್ಮ ಅವರೇ, ಎರಡು ವಾರವೋ ಆರು ವಾರವೋ ಆಮೇಲೆ ನೋಡೋಣ. ನಿಮ್ಮ ಅತ್ತಿಗೆಯ ತವರು ಎಲ್ಲಿ? ಬೇಸಿಗೆಯಲ್ಲಿ ಕೊನೆಯ ಸಲ ಅವರು ಅಲ್ಲಿ ಹೋಗಿ ಇದ್ದದ್ದು ಯಾವಾಗ?

ಡೊಂಬಿವಲಿ ಅಮ್ಮ · ಫೆಬ್ರವರಿ 25

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡೋಕೆ ನಾನು ಅಮ್ಮನಿಗೆ ಫೋನ್ ಮಾಡಬೇಕಾಯಿತು. ತವರು ಹೆಬ್ರಿ ಹತ್ತಿರ ಅಂತ ಗೊತ್ತಿತ್ತು. ಮದುವೆಯಲ್ಲಿ ಹೋಗಿದ್ದೆವು. ಕೊನೆಯ ಸಲ ಮೇ ತಿಂಗಳಲ್ಲಿ ಹೋದದ್ದು ಯಾವಾಗ ಅಂದರೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. ಒಂಬತ್ತು ವರ್ಷ ಹಿಂದೆ, ತಮ್ಮನ ಮದುವೆಗೆ. ಎರಡು ದಿನ.

ನಾನು ಮದುವೆಯಾಗಿ ಹದಿನಾಲ್ಕು ವರ್ಷ. ಕೊರೊನಾದ 2020 ಮತ್ತು 2021 ಬಿಟ್ಟರೆ ಒಂದು ಬೇಸಿಗೆಯೂ ತಪ್ಪಿಸಿಲ್ಲ. ಹೆಬ್ರಿ ನಮ್ಮ ಮನೆಯಿಂದ ಎರಡು ಗಂಟೆಯೊಳಗಿನ ದಾರಿ. ನಾನು ರಾತ್ರಿಯೆಲ್ಲ ರೈಲಿನಲ್ಲಿ ಕೂತು ನನ್ನ ಅಮ್ಮನ ಹತ್ತಿರ ಬರುತ್ತೇನೆ. ಅವರು ಎರಡು ಗಂಟೆ ದಾರಿ ಹೋಗಿಲ್ಲ, ಯಾಕೆಂದರೆ ನಾನು ಬಂದಿರುತ್ತೇನೆ.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಇಷ್ಟು ವರ್ಷ ಒಂದು ಸಲವೂ ಹೊಳೆಯಲಿಲ್ಲ.

ಕಲಬುರಗಿ ಅಣ್ಣ · ಫೆಬ್ರವರಿ 25

ಓದಿ ಸುಮ್ಮನಿರಲು ಆಗಲಿಲ್ಲ. ಇಷ್ಟು ಹೊತ್ತು ಬರೀ ಹೆಣ್ಣುಮಕ್ಕಳ ಲೆಕ್ಕವೇ ಆಯಿತು. ನಿಮ್ಮ ಅಣ್ಣ ಏನು ಮಾಡುತ್ತಾರೆ? ಮೀನು ತಂದರು, ಸರಿ. ಆಮೇಲೆ?

ನಾನೂ ಅಣ್ಣನೇ. ಇಬ್ಬರು ತಂಗಿಯರು ಬರುತ್ತಾರೆ. ನಮ್ಮ ಕಡೆ ಬೇಸಿಗೆ ಅಂದರೆ ನಿಮಗೆ ಗೊತ್ತು, 40 ಡಿಗ್ರಿ ದಾಟಿಯೇ ಇರುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಎರಡು ಗಂಟೆಗೆ ನಾನು ಮನೆಯಲ್ಲಿ. ಮೊದಲೆಲ್ಲ ಬಂದು ಫ್ಯಾನ್ ಕೆಳಗೆ ಮಲಗುತ್ತಿದ್ದೆ. ಆ ಹೊತ್ತಿನಲ್ಲೇ ಹೆಂಡತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹೊರಗೆ 42, ಒಳಗೆ ಎಷ್ಟೋ.

ಮೂರು ವರ್ಷದ ಹಿಂದೆ ಅವಳು ಒಲೆಯ ಮುಂದೆಯೇ ತಲೆಸುತ್ತಿ ಬಿದ್ದಳು. ಅವತ್ತಿನಿಂದ ನಿಯಮ. ರೊಟ್ಟಿ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಒಂದೇ ಸಲ. ಮಧ್ಯಾಹ್ನ ಒಲೆ ಹಚ್ಚುವಂತಿಲ್ಲ. ಮಜ್ಜಿಗೆ, ಅಂಬಲಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು ಇದ್ದರೆ ಯಾವ ಮಗುವೂ ಉಪವಾಸ ಬೀಳುವುದಿಲ್ಲ. ಸಂಜೆ ಮಕ್ಕಳ ಸ್ನಾನ, ಮಾಳಿಗೆಗೆ ನೀರು ಹೊಡೆದು ಹಾಸಿಗೆ ಹಾಸುವುದು ನಾನು ಮತ್ತು ಭಾವಂದಿರು. ರಾತ್ರಿ ಎಲ್ಲರೂ ಮಾಳಿಗೆ ಮೇಲೆ. ಹೆಂಡತಿ ನಡುವೆ ಮಲಗಿ ಮಕ್ಕಳಿಗೆ ಕಥೆ ಹೇಳುತ್ತಾಳೆ. ಮೊದಲು ಆ ಹೊತ್ತಿಗೆ ಅವಳು ಕೆಳಗೆ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಮಂಡ್ಯದ ಮಗಳು · ಫೆಬ್ರವರಿ 26

ನಮ್ಮಲ್ಲಿ ಮಕ್ಕಳಿಗೂ ಕೆಲಸ ಹಂಚುತ್ತೇವೆ. ಎಂಟು ವರ್ಷ ದಾಟಿದ ಮೇಲೆ ತಟ್ಟೆ ಅವರದೇ. ಹತ್ತು ದಾಟಿದವರು ಗಿಡಕ್ಕೆ ನೀರು, ದನಕ್ಕೆ ಹಿಂಡಿ ಕಲಸುವುದು. ಬೆಂಗಳೂರಿನಲ್ಲಿ ಹಾಸಿಗೆ ಮಡಚದ ನನ್ನ ಮಗ ಊರಲ್ಲಿ ಐದೂವರೆಗೆ ಎದ್ದು ಮಾವನ ಜೊತೆ ಡೈರಿಗೆ ಹಾಲು ಹಾಕಲು ಹೋಗುತ್ತಾನೆ. ಯಾರೂ ಎಬ್ಬಿಸುವುದಿಲ್ಲ.

ಆದರೆ ಇಷ್ಟು ಮಕ್ಕಳು ಸೇರಿದಾಗ ಯಾರ ಕಣ್ಣು ಯಾರ ಮೇಲೆ ಅನ್ನುವುದು ಸ್ಪಷ್ಟ ಇರಬೇಕು. ನಮ್ಮ ಕಡೆ ವಿ.ಸಿ. ನಾಲೆ ಇದೆ. ಮೇಲಿಂದ ನೋಡಿದರೆ ಶಾಂತ. ಅಂಚು ಪಾಚಿ ಹಿಡಿದು ಜಾರುತ್ತದೆ, ಕೆಳಗೆ ಸೆಳೆತ. ಪೇಟೆಯಿಂದ ಬಂದ ಮಕ್ಕಳು ಈಜುಕೊಳದಲ್ಲಿ ಕಲಿತಿದ್ದೇನೆ ಅಂತ ಧೈರ್ಯ ಮಾಡುತ್ತಾರೆ. ನಾನು ಹನ್ನೆರಡು ವರ್ಷದವಳಿದ್ದಾಗ ನಮ್ಮ ಬೀದಿಗೆ ರಜೆಗೆ ಬಂದಿದ್ದ ಒಬ್ಬ ಹುಡುಗನನ್ನು ಎರಡು ದಿನ ಆದ ಮೇಲೆ ತೆಗೆದರು. ಅವನ ಚಪ್ಪಲಿ ನಾಲೆಯ ಏರಿ ಮೇಲೆ ಜೋಡಿಸಿ ಬಿಟ್ಟಿದ್ದ ಹಾಗೇ ಇತ್ತು. ಅದು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಹಾಗಾಗಿ ನಮ್ಮಲ್ಲಿ ದಿನಕ್ಕೊಬ್ಬ ದೊಡ್ಡವರು ಕಾವಲು. ಆ ದಿನ ಅವರಿಗೆ ಬೇರೆ ಕೆಲಸ ಇಲ್ಲ. ಮನೆಯಾಕೆಗೆ ಆ ಪಾಳಿ ಹಾಕುವುದೇ ಇಲ್ಲ. ಅಡುಗೆ ಮಾಡುತ್ತಾ ಮಕ್ಕಳನ್ನೂ ನೋಡಿಕೋ ಅನ್ನುವುದು ಅನ್ಯಾಯ. ನಿಮಗೆ ಮರವಂತೆ, ತ್ರಾಸಿ ಹತ್ತಿರ ಅಲ್ವಾ? ಮೇ ಕೊನೆಗೆ ಕಡಲು ಏರುತ್ತದೆ. ದಯವಿಟ್ಟು ನೀರಿಗೆ ಇಳಿಸಬೇಡಿ.

ಇನ್ನೊಂದು. ಶಕ್ತಿ ಯೋಜನೆ ಬಂದ ಮೇಲೆ, 2023ರ ಜೂನ್‌ನಿಂದ, ನಾನು ಅತ್ತಿಗೆ ಇಬ್ಬರೂ ಸೇರಿ ಒಂದು ದಿನ ಹೊರಗೆ ಹೋಗುತ್ತೇವೆ. ಮಕ್ಕಳನ್ನು ಗಂಡಸರ ಹತ್ತಿರ ಬಿಟ್ಟು. ಮೇಲುಕೋಟೆಗೋ, ಮೈಸೂರಿಗೋ. ಬಸ್ಸಿನ ಖರ್ಚಿಲ್ಲ. ಬೆಟ್ಟ ಹತ್ತಿ, ಪುಳಿಯೋಗರೆ ತಿಂದು ಬರುತ್ತೇವೆ. ನಮ್ಮಿಬ್ಬರ ನಡುವೆ ನಾದಿನಿ ಅತ್ತಿಗೆ ಅನ್ನುವುದು ಹೋಗಿ ಗೆಳೆತನ ಬಂದದ್ದು ಆ ಬಸ್ಸಿನಲ್ಲೇ.

ತೀರ್ಥಹಳ್ಳಿ ಅಜ್ಜಿ · ಫೆಬ್ರವರಿ 27

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನನಗೆ 74.

ನಾನು ಅತ್ತೆ. ಸೊಸೆ ತವರಿಗೆ ಹೋಗದೇ ಇರುವುದಕ್ಕೆ ನಾದಿನಿಯರಷ್ಟೇ ಕಾರಣ ಅಲ್ಲ. ಹೋಗಿ ಬಾ ಅಂತ ಹೇಳಬೇಕಾದವಳು ನಾನು. ನಾನು ಹೇಳಲಿಲ್ಲ. ಹೆಣ್ಣುಮಕ್ಕಳು ಬರುತ್ತಾರೆ ಅನ್ನುವ ಸಂಭ್ರಮದಲ್ಲಿ ಅವಳಿಗೂ ಒಬ್ಬಳು ತಾಯಿ ಕಾಯುತ್ತಿದ್ದಾಳೆ ಅನ್ನುವುದು ಮರೆತೇ ಹೋಯಿತು. ಅವಳ ತಾಯಿ ಹೋದ ವರ್ಷ ಕಾರ್ತಿಕದಲ್ಲಿ ತೀರಿಕೊಂಡರು. ಈಗ ಹೋಗಿ ಬಾ ಅಂದರೆ ಯಾರ ಹತ್ತಿರ ಹೋಗುತ್ತಾಳೆ?

ಮಗಾ, ನೀನು ಅತ್ತಿಗೆಗೆ ಹೇಳುವ ಮೊದಲು ನಿನ್ನ ಅಮ್ಮನಿಗೆ ಹೇಳು. ಅಮ್ಮನ ಬಾಯಲ್ಲಿ ಹೋಗು ಅನ್ನುವ ಮಾತು ಬಂದರೆ ಮಾತ್ರ ಅವಳು ಹೊರಡುತ್ತಾಳೆ.

ನ್ಯೂಜೆರ್ಸಿ ಅಪ್ಪ · ಫೆಬ್ರವರಿ 27

ಅಜ್ಜಿಯ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನಮಗೆ ಇಲ್ಲಿ ಶಾಲೆ ಬಿಡುವುದೇ ಜೂನ್ ಕೊನೆಗೆ. ಹಾಗಾಗಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಗೆ ಹೋಗುವಾಗ ಪೂರ್ತಿ ಮಳೆ. ಮಾವಿನ ಹಣ್ಣಿಲ್ಲ, ಹಪ್ಪಳದ ಬಿಸಿಲಿಲ್ಲ, ಬೇರೆ ಮಕ್ಕಳಿಗೆಲ್ಲ ಶಾಲೆ ಶುರುವಾಗಿರುತ್ತದೆ. ನನ್ನ ಮಗ ಬೆಳಿಗ್ಗೆ ಒಂಬತ್ತಕ್ಕೆ ಜಗಲಿಯಲ್ಲಿ ಕೂತು ಅಣ್ಣನ ಮಕ್ಕಳು ಛತ್ರಿ ಹಿಡಿದು ಹೋಗುವುದನ್ನು ನೋಡುತ್ತಾನೆ. ಸಂಜೆ ನಾಲ್ಕೂವರೆಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ. ಆದರೂ ಕಳಲೆ ಪಲ್ಯ, ಪತ್ರೊಡೆ, ಒಲೆಯ ಮುಂದೆ ಹಲಸಿನ ಬೀಜ ಸುಟ್ಟು ತಿನ್ನುವುದು, ಇವೆಲ್ಲ ಅವನಿಗೆ ಸಿಕ್ಕಿದ್ದು ಮಳೆಯಿಂದಲೇ.

ಇಷ್ಟು ದೂರದಿಂದ ಹೋದವರು ಐದು ವಾರಕ್ಕಿಂತ ಕಮ್ಮಿ ಇದ್ದರೆ ಅರ್ಥ ಇಲ್ಲ. ಮೊದಲ ವಾರ ಮಕ್ಕಳು ರಾತ್ರಿ ಎರಡಕ್ಕೆ ಎದ್ದು ಹಸಿವು ಅನ್ನುತ್ತಾರೆ. ಅತ್ತಿಗೆ ಏಳಬಾರದು ಅಂತ ನಾನೇ ಅವಲಕ್ಕಿ, ಮೊಸರು ಮಂಚದ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮನೆಗೆಲಸಕ್ಕೆ ಒಬ್ಬರನ್ನು ಗೊತ್ತು ಮಾಡಿ ಸಂಬಳ ನಾನು ಕೊಡುತ್ತೇನೆ ಅಂದೆ. ಅಣ್ಣನಿಗೆ ಬೇಸರವಾಯಿತು. ಹಾಗಾಗಿ ದುಡ್ಡಿನ ಮಾತು ಹೇಗೆ ಎತ್ತಬೇಕು ಅನ್ನುವುದು ನನಗೂ ಬೇಕು.

ಉಡುಪಿ ಲೆಕ್ಕಿಗ · ಫೆಬ್ರವರಿ 28

ದುಡ್ಡು ಕೈಗೆ ಕೊಡಬೇಡಿ. ಅಣ್ಣನ ಕೈಗೆ ಅಂತೂ ಬೇಡವೇ ಬೇಡ. ಹೋದ ಎರಡನೇ ದಿನ ಅತ್ತಿಗೆಯ ಜೊತೆ ಅಂಗಡಿಗೆ ಹೋಗಿ. ಅಕ್ಕಿ, ಎಣ್ಣೆ, ಬೆಲ್ಲ, ಚಾ ಪುಡಿ, ಸೋಪು ಒಂದೂವರೆ ತಿಂಗಳಿಗೆ ಆಗುವಷ್ಟು ತೆಗೆದು ನೀವು ಬಿಲ್ ಕೊಡಿ. ಸಿಲಿಂಡರ್ ಬಂದಾಗ ನೀವು ಬಾಗಿಲಿಗೆ ಹೋಗಿ. ಹನ್ನೊಂದು ಜನಕ್ಕೆ 14.2 ಕಿಲೋ ಸಿಲಿಂಡರ್ ಮಾಮೂಲಿನಷ್ಟು ದಿನ ಬರುವುದಿಲ್ಲ. ಮೀನಿಗೆ ದಿನ ಬಿಟ್ಟು ದಿನ ನೀವು ಹೋಗಿ. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ, ಆಮೇಲೆ ಮೀನಿನ ರೇಟು ನಿಮಗೇ ಗೊತ್ತು.

ಜಾಗದ ಪಾಲಿನ ಮಾತು ಏನಾದರೂ ಬಾಕಿ ಇದ್ದರೆ ಅದನ್ನು ಬೇಸಿಗೆಯಲ್ಲಿ, ಮಕ್ಕಳ ಎದುರು ಎತ್ತಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೆ ಸಮ ಹಕ್ಕು ಇದೆ, ಕೇಳುವುದು ತಪ್ಪಲ್ಲ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಹಲಸಿನ ಹಣ್ಣು ಕೊಯ್ಯುವಾಗ ಆ ಮಾತು ಬಂದರೆ ಮುಂದಿನ ಎಲ್ಲ ಬೇಸಿಗೆಯೂ ಹಾಳು. ನನ್ನ ಮನೆಯಲ್ಲಿ ಆದದ್ದು.

ಡೊಂಬಿವಲಿ ಅಮ್ಮ · ಮಾರ್ಚ್ 4

ಟಿಕೆಟ್ ಆಯಿತು. ಮೇ 2. ಬರುವ ಟಿಕೆಟ್ ಏಪ್ರಿಲ್‌ನಲ್ಲಿ, ಜೂನ್ 13ಕ್ಕೆ. ಆರು ವಾರ ಕಮ್ಮಿ ಮಾಡುತ್ತಿಲ್ಲ.

ಅಜ್ಜಿ ಹೇಳಿದ ಹಾಗೆ ಮೊದಲು ಅಮ್ಮನ ಹತ್ತಿರ ಮಾತಾಡಿದೆ. ಮೇ 9ರಿಂದ 21ರವರೆಗೆ ಅತ್ತಿಗೆ ಹೆಬ್ರಿಗೆ, ಮನೆ ನಾನು ನೋಡಿಕೊಳ್ಳುತ್ತೇನೆ ಅಂದೆ. ಅಮ್ಮ ಮೊದಲು "ದನದ ಹಟ್ಟಿ ಕೆಲಸ ನಿನಗೆ ಈಗ ಬರುತ್ತಾ?" ಅಂದರು. ಆಮೇಲೆ "ನಾನೇ ಹೇಳ್ತೆ" ಅಂದರು. ರಾತ್ರಿ ಅತ್ತಿಗೆಯೇ ಫೋನ್ ಮಾಡಿದರು. ಖುಷಿಯಾಗಿ ಮಾತಾಡಲಿಲ್ಲ. "ನನ್ನಿಂದ ಎಂತ ತಪ್ಪಾಯ್ತಾ?" ಅಂತ ಕೇಳಿದರು. ಅದನ್ನು ಕೇಳಿ ನನಗೆ ಅಳು ಬಂತು. ಒಂದು ಗಂಟೆ ಮಾತಾಡಿದೆವು. ಆ ಮೆಟ್ಟಿಲಿನ ವಿಷಯವೂ ಹೇಳಿದೆ. ಅವರಿಗೆ ಅದು ನೆನಪೇ ಇರಲಿಲ್ಲ. ಅವರ ಪಾಲಿಗೆ ಅದು ದಿನವೂ ಇದ್ದದ್ದು.

ಸಿದ್ದಾಪುರದ ಸೊಸೆ · ಮಾರ್ಚ್ 5

ತುಂಬಾ ಒಳ್ಳೆಯದಾಯಿತು. ಎರಡು ಮಾತು. ಅವರು ಹೋಗುವ ಮೊದಲು ಒಂದು ವಾರ ಅವರ ಹಿಂದೆಯೇ ಓಡಾಡಿ ಎಲ್ಲ ನೋಡಿಕೊಳ್ಳಿ. ಹೋದ ಮೇಲೆ ಉಪ್ಪು ಎಲ್ಲಿ, ಬೀಗದ ಕೈ ಎಲ್ಲಿ ಅಂತ ಫೋನ್ ಮಾಡಬೇಡಿ. ಇನ್ನೊಂದು, ಅವರು ವಾಪಸ್ ಬರುವ ದಿನ ಅಡುಗೆ ನೀವೇ ಮಾಡಿ. ಬಸ್ಸಿಳಿದು ಬಂದವರು ಸೀದಾ ಒಲೆ ಹತ್ತಿರ ಹೋಗಬಾರದು.

ಇಲ್ಲಿ ಓದುತ್ತಿರುವ ಮಲೆನಾಡಿಗೆ ಬರುವವರಿಗೆ ಒಂದು ಮಾತು. ಮೇ ತನಕ ಮಂಗನ ಕಾಯಿಲೆಯ ಭಯ ಇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು, ಈಗ ನಮ್ಮ ತಾಲ್ಲೂಕಿನಲ್ಲೂ ಇದೆ. ಉಣುಗು, ಅಂದರೆ ಉಣ್ಣೆ, ಕಚ್ಚಿ ಬರುವಂಥದ್ದು. ಮಕ್ಕಳನ್ನು ಕಾಡಿನ ಅಂಚಿಗೆ ಬಿಡುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ದೇಪಾ ಎಣ್ಣೆ ಹಚ್ಚಿ, ಉದ್ದ ಬಟ್ಟೆ ಹಾಕಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ವಾಪಸ್ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ಡೊಂಬಿವಲಿ ಅಮ್ಮ · ಮೇ 15

ಊರಿನಿಂದ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಸಿಗುವುದು ಗದ್ದೆಯ ಹುಣಿ (ಬದು) ಮೇಲೆ ಮಾತ್ರ.

ಅತ್ತಿಗೆ ಹೋಗಿ ಆರು ದಿನ. ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. ಹಸುವಿನ ಹತ್ತಿರ ನನಗೆ ಮೊದಲ ಎರಡು ದಿನ ಆಗಲೇ ಇಲ್ಲ. ಒದೆಯಲಿಲ್ಲ, ಹಾಲು ಇಳಿಸಲಿಲ್ಲ ಅಷ್ಟೇ. ಮೂರನೇ ದಿನ ಅಮ್ಮ ಅತ್ತಿಗೆಯ ಹಳೆ ಸೀರೆಯೊಂದು ತಂದು "ಇದನ್ನ ಹೊದ್ಕೋ" ಅಂದರು. ಹೊದ್ದು ಕೂತೆ. ಒಂದು ಲೀಟರ್ ಸಿಕ್ಕಿತು. ಈಗ ದಿನಾ ಆ ಸೀರೆಯೇ.

ಹಪ್ಪಳಕ್ಕೆ ಕೈ ಹಾಕಿದ್ದೆ. ಮೊದಲ ಹಲಸು ಸರಿಯಾಗಿ ಬಲಿತಿರಲಿಲ್ಲ. ಸೊಳೆ ಬೇಯಿಸಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಹಾಳೆಯ ನಡುವೆ ಇಟ್ಟು ಮಣೆಯಲ್ಲಿ ಒತ್ತಿದರೆ ಅಂಚೆಲ್ಲ ಬಿರುಕು. ಅರುವತ್ತು ಹಪ್ಪಳ ಹೋಯಿತು. ಮಕ್ಕಳು ಆ ಹಿಟ್ಟನ್ನೇ ತೆಂಗಿನೆಣ್ಣೆ ಹಾಕಿಕೊಂಡು ತಿಂದು ಮುಗಿಸಿದರು. ಎರಡನೆಯ ಹಲಸು ಅಣ್ಣ ಮರ ಹತ್ತಿ, ತಟ್ಟಿ ನೋಡಿ ಕೊಯ್ದ. ಅದು ಚೆನ್ನಾಗಿ ಬಂತು. ಮಗಳು ಕೋಲು ಹಿಡಿದು ಚಾಪೆಯ ಹತ್ತಿರ ಕಾಗೆ ಕಾಯುತ್ತಾಳೆ. ಕೈಯಲ್ಲಿ ಅಜ್ಜಿಯ ಪಂಚಾಂಗ. ಅದನ್ನೇ ಓದುತ್ತಾಳೆ.

ಅಣ್ಣ ರಾತ್ರಿ ಪಾತ್ರೆ ತೊಳೆಯುತ್ತಾನೆ. ಕಲಬುರಗಿ ಅಣ್ಣನ ಮಾತು ಓದಿ ಹೇಳಿದ್ದೆ. ಏನೂ ಮಾತಾಡದೆ ಎದ್ದು ಹೋದ, ಮರುದಿನದಿಂದ ಶುರು ಮಾಡಿದ.

ಪತ್ತನಾಜೆ ಹತ್ತಿರ ಬಂತು, ಯಕ್ಷಗಾನ ಮೇಳಗಳೆಲ್ಲ ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುವ ಸಮಯ. ಮೊನ್ನೆ ಪಕ್ಕದ ಊರಿನಲ್ಲಿ ಹರಕೆ ಬಯಲಾಟ ಇತ್ತು. ಮಗ ಚೆಂಡೆಯ ಸದ್ದಿಗೆ ಹೆದರಿ ನನ್ನ ಮಡಿಲಿಗೆ ಬಂದವನು ಹನ್ನೊಂದಕ್ಕೆ ನಿದ್ದೆ ಹೋದ. ಮಗಳು ಬೆಳಗಿನವರೆಗೂ ಕೂತಿದ್ದಳು.

ಬೈಂದೂರಿನವ · ಮೇ 16

ಅಕ್ಕಾ, ಮೊದಲ ದಿನ ನಾನು ಬರೆದದ್ದು ನೆನಪಿದೆ. ನಿನ್ನೆ ಅಮ್ಮನ ಹತ್ತಿರ ಕೇಳಿದೆ, ಅತ್ತೆಯವರು ಎರಡು ತಿಂಗಳು ಇರುತ್ತಿದ್ದಾಗ ನೀನು ನಿನ್ನ ತವರಿಗೆ ಹೋಗುತ್ತಿದ್ದೆಯಾ ಅಂತ. "ಅದೆಲ್ಲ ಈಗ ಎಂತಕ್ಕೆ?" ಅಂದರು. ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ. ಈ ಭಾನುವಾರ ಅಮ್ಮನನ್ನು ಭಟ್ಕಳಕ್ಕೆ ಮಾವನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಾವನಿಗೆ ಈಗ 80.

ಡೊಂಬಿವಲಿ ಅಮ್ಮ · ಜೂನ್ 15

ನಿನ್ನೆ ಮನೆ ತಲುಪಿದೆವು. ಬಟ್ಟೆಯೆಲ್ಲ ಇನ್ನೂ ಬ್ಯಾಗಿನಲ್ಲೇ ಇದೆ. ರತ್ನಾಗಿರಿ ದಾಟುವವರೆಗೂ ಜೋರು ಮಳೆ.

ಅತ್ತಿಗೆ 21ಕ್ಕೆ ಬರಬೇಕಿತ್ತು. 20ರ ಸಂಜೆ ಫೋನ್ ಮಾಡಿ ಇನ್ನೆರಡು ದಿನ ಇರಲಾ ಅಂತ ಕೇಳಿದರು. ಅವರ ಅಮ್ಮನಿಗೆ ಕಣ್ಣಿನ ಪೊರೆ ಬಂದಿದೆಯಂತೆ, ಡಾಕ್ಟರಿಗೆ ತೋರಿಸಬೇಕು. ಅಷ್ಟು ದಿನದಿಂದ ಯಾರಿಗೂ ಗೊತ್ತಾಗಿರಲಿಲ್ಲ. ಬರೀ ಫೋನಿನಲ್ಲಿ ಮಾತಾಡಿದರೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲಿ ಕೂತು ಊಟ ಮಾಡುವಾಗ ಅಮ್ಮ ಸಾರಿನ ಸೌಟಿಗೆ ತಡವರಿಸುವುದನ್ನು ಇವರು ನೋಡಿದರು. ಆಪರೇಷನ್ ದಿನ ಗೊತ್ತು ಮಾಡಿಸಿಯೇ ಬಂದರು.

23ಕ್ಕೆ ಬಂದರು. ಬರುವ ದಿನ ಅಡುಗೆ ನಾನೇ ಮಾಡಿದ್ದೆ. ಅಂಜಲ್ ಮೀನು ತಂದಿದ್ದೆ. ಎಲ್ಲರೂ ಒಂದೇ ಸಲ ಕೂತೆವು, ಬಡಿಸುವುದು ಅಣ್ಣ ಮತ್ತು ನನ್ನ ಯಜಮಾನರು. ಅತ್ತಿಗೆ ಎರಡು ಸಲ ಏಳಲು ನೋಡಿದರು. ಎರಡು ಸಲವೂ ಅಮ್ಮ ಕೈ ಹಿಡಿದು ಕೂರಿಸಿದರು. ಹಟ್ಟಿಗೆ ಹೋಗಿ ಹಸುವಿನ ಬೆನ್ನು ಸವರಿ ಬಂದು, ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮ ಹಳೆ ಸೀರೆ ನೋಡಿ ತುಂಬಾ ನಕ್ಕರು.

ಆಮೇಲಿನ ಮೂರು ವಾರ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಒಂದು ದಿನ ನಾವಿಬ್ಬರೇ ಕೊಲ್ಲೂರಿಗೆ ಹೋಗಿ ಬಂದೆವು. ಮಂಡ್ಯದ ಮಗಳಿಗೆ ಥ್ಯಾಂಕ್ಸ್. ಬಸ್ಸಿನಲ್ಲಿ ಅವರು ತಮ್ಮ ಕಾಲೇಜಿನ ದಿನಗಳ ಬಗ್ಗೆ ಹೇಳಿದರು. ಓಟದಲ್ಲಿ ತಾಲ್ಲೂಕಿಗೇ ಮೊದಲು ಬಂದಿದ್ದರಂತೆ. ಹದಿನಾಲ್ಕು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

ಹೊರಡುವ ದಿನ ಹಪ್ಪಳ ಕಟ್ಟುತ್ತಾ ಕೇಳಿದರು. "ಮುಂದಿನ ವರ್ಷ ಟಿಕೆಟ್ ಯಾವತ್ತಿಗೆ ತೆಗಿತ್ರಿ? ತಂಗಿಗೆ ಹೇಳ್ಕ್."

ಸಿದ್ದಾಪುರದ ಸೊಸೆ · ಜೂನ್ 17

ನಿನ್ನೆ ರಾತ್ರಿ ಊಟ ಆದ ಮೇಲೆ ಇದೆಲ್ಲವನ್ನೂ ಮೊದಲಿಂದ ಕೊನೆಯವರೆಗೆ ನನ್ನ ಯಜಮಾನರಿಗೆ ಓದಿ ಹೇಳಿದೆ. ಅತ್ತೆಯವರೂ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ತಂಗಿ ಪುಣೆಗೆ ವಾಪಸ್ ಹೋಗಿಯಾಗಿದೆ. ಆದರೆ ಅಮ್ಮ ಇದ್ದಾರಲ್ಲ. ಬೆಳಿಗ್ಗೆ ಅತ್ತೆಯವರು ಕೊಟ್ಟೆ ಕಡಬು ಕಟ್ಟಿ, ನನ್ನ ಅಮ್ಮನಿಗೆ ಅಂತ ಚೀಲದಲ್ಲಿ ಇಟ್ಟರು. ಮಳೆ ಬಿಟ್ಟಿಲ್ಲ. ಶಿರಸಿ ಬಸ್ಸು ಏಳೂವರೆಗೆ, ಅಲ್ಲಿಂದ ಯಲ್ಲಾಪುರಕ್ಕೆ. ನಾಲ್ಕು ರಾತ್ರಿ ಇರುತ್ತೇನೆ.